ಎರಡು ವರ್ಷದ ಜಡ್ಜು

ಕೊಳ್ಳೇಗಾಲ
೮-೭-೧೯೬೪

ಯಜಮಾನರಿಗೆ ವಸಂತಳ ನಮಸ್ಕಾರಗಳು.

ನಿಮ್ಮ ಕಾರ್ಡು ಸೋಮವಾರ ತಲುಪಿತು. ಹೈಕೋರ್ಟಿನಲ್ಲಿ ಅಡಿಷನಲ್ ಜಡ್ಜಿಯಾಗಿ ನಿಮ್ಮ ಎರಡು ವರ್ಷದ ಅವಧಿ ಮುಗಿಯಿತು, ಕಾಯಂ ಆಗಲಿಲ್ಲ, ಊರಿಗೆ ಬರಲು ಮುಖವಿಲ್ಲ, ಸದ್ಯಕ್ಕೆ ಬೆಂಗಳೂರಿನಲ್ಲೇ ಇರುತ್ತೇನೆ ಎಂದು ಬರೆದಿದ್ದೀರಿ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಇಂಥ ಸುದ್ದಿ ಬಂದಾಗ ಹೆಂಡತಿ ಕಿಟಕಿಯ ಬಳಿ ಹೋಗಿ ನಿಲ್ಲುತ್ತಾಳೆ. ನಾನು ಕಾರ್ಡನ್ನು ಇನ್ನೊಮ್ಮೆ ಓದಿ ಅಕ್ಕಿ ಆರಿಸಲು ಕೂತೆ.

ನೀವು ಬರಬೇಕೆಂದು ಒತ್ತಾಯಿಸಲು ಇದನ್ನು ಬರೆಯುತ್ತಿಲ್ಲ. ಇಲ್ಲಿ ನಡೆದ ಒಂದು ಸಂಗತಿ ನಿಮಗೆ ತಿಳಿದಿರಲಿ, ಅಷ್ಟೇ.

ಮಧುವನಹಳ್ಳಿಯ ಚಿಕ್ಕಮಾದಮ್ಮ ಎಂಬ ವಿಧವೆಯ ಮೇಲ್ಮನವಿ ನಿಮಗೆ ನೆನಪಿರಬಹುದು. ಗಂಡನ ಪಾಲಿನ ಹೊಲ ಅವಳಿಗೇ ಸೇರಬೇಕು, ಭಾವ ಮಾದಸ್ವಾಮಿಗಲ್ಲ ಎಂದು ಹೋದ ವರ್ಷ ನೀವೇ ತೀರ್ಪು ಕೊಟ್ಟಿರಿ. ಆಗ ಅವಳು ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಕಕ್ಷಿದಾರರು ಬಾಗಿಲಿಗೆ ಬರುತ್ತಾರೆಂದು ನೀವು ಊರಿಗೆ ಬರುವುದನ್ನೇ ನಿಲ್ಲಿಸಿದ್ದ ಕಾಲ ಅದು. ನಾನು ಅವಳನ್ನು ಜಗುಲಿ ಹತ್ತಗೊಡಲಿಲ್ಲ. ನಿನ್ನೆ ಮತ್ತೆ ಬಂದಳು. ಈಗ ನೀವು ಜಡ್ಜಿಯಲ್ಲ. ಒಳಗೆ ಕರೆದು ಮಜ್ಜಿಗೆ ಕೊಟ್ಟೆ.

ಆ ಹೊಲಕ್ಕೆ ಹಿಪ್ಪುನೇರಳೆ ಹಾಕಬೇಕೆಂಬುದು ಅವಳ ಆಸೆ. ರೇಷ್ಮೆ ಹುಳು ಸಾಕಿ ಮಗಳನ್ನು ಓದಿಸಬೇಕಂತೆ. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ ಬೆಳೆ. ಹೋದ ವರ್ಷ ಅವಳು ಹಾಕಿದ್ದು ಮಾತ್ರ ರಾಗಿ. ಕಾರಣ ಕೇಳಿದೆ.

“ತೀರ್ಪು ಕೊಟ್ಟೋರು ಎರಡ್ ವರ್ಸದ ಜಡ್ಜಂತೆ ಅಮ್ಮಾವ್ರೆ. ‘ಅವರು ಎದ್ದೋಗ್ಲಿ, ಅವರ ಜೊತೇಲೇ ತೀರ್ಪೂ ಎದ್ದೋಯ್ತದೆ, ಆಮೇಲೆ ನೋಡ್ಕತೀನಿ’ ಅಂತ ನಮ್ ಬಾವ ಟೀ ಅಂಗ್ಡೀಲಿ ಕೂತು ಸಾರ್ತಾವ್ನೆ. ಕಡ್ಡಿ ನೆಟ್ಟು ಬೆಳ್ಸಿ ಅವನ ಕೈಗೆ ಕೊಡನಾ?” ಎಂದಳು.

ಹಾಗಲ್ಲವೆಂದು ನಾನು ವಿವರಿಸತೊಡಗಿದೆ. ಮಗ್ಗದ ಮುಂದೆ ಕೂತಿದ್ದ ಅತ್ತೆಯವರು ನಡುವೆ ಬಾಯಿ ಹಾಕಿದರು. “ಲೇ ಚಿಕ್ಕಮಾದಿ, ಮದ್ವೆ ಕಾಲ್ದಲ್ಲಿ ಸೀರೆ ಬಾಕಿ ಬಿದ್ರೆ ಕೂಲಿ ನೇಕಾರನ್ನ ಕರ್ಕತೀವಿ. ಕೆಲ್ಸ ಮುಗುದ್ರೆ ಅವ್ನು ಓಯ್ತಾನೆ. ಅವ್ನು ನೇಯ್ದಿದ್ ಸೀರೆ ಉಟ್ಟೋಳ ಮೈಮ್ಯಾಲೇ ಬಿಚ್ಕತದಾ?”

ಮೂವರೂ ನಕ್ಕೆವು. ಆಮೇಲೆ ಅತ್ತೆಯವರು ನನ್ನ ಕಡೆ ತಿರುಗಿ, “ಆ ನೇಕಾರ ಏನು ನಾಚ್ಕಂಡು ಊರು ಬುಟ್ಟೋಯ್ತನಾ? ಕೇಳು ನಿನ್ ಗಂಡನ್ನ” ಎಂದರು. ಇಗೋ, ಕೇಳಿದ್ದೇನೆ.

ಚಿಕ್ಕಮಾದಮ್ಮ ನಕ್ಕಳೇ ಹೊರತು ಒಪ್ಪಲಿಲ್ಲ. ಅವಳ ವಕೀಲರು ಹೇಳಿದಾಗಲೂ ಒಪ್ಪಿರಲಿಲ್ಲವಂತೆ. “ಯಾರ್ ಏಳುದ್ರೂ ಅಷ್ಟೇಯಾ. ಬರ್ದೋರೇ ಬಾಯ್ಬುಟ್ಟು ಏಳ್ಬೇಕು. ಅವರ್ಗೇ ಅವರ ತೀರ್ಪು ಮ್ಯಾಲೆ ನಂಬ್ಕೆ ಇಲ್ವಾ? ಅದ್ಕೇಯಾ ಊರ್ಗೆ ಬರ್ದೆ ಇರದು?” ಎಂದು ಕೇಳಿದಳು. ಅದಕ್ಕೆ ಉತ್ತರ ನಿಮ್ಮ ಬಳಿ ಇದೆಯೆಂದುಕೊಂಡಿದ್ದೇನೆ.

ಬಾಕಿ ಬಿದ್ದ ಮೇಲ್ಮನವಿಗಳನ್ನು ತೀರಿಸಲು ನಿಮ್ಮನ್ನು ಕರೆದರು, ತೀರಿಸಿದಿರಿ. ಜಡ್ಜಿಯಾಗಿದ್ದಾಗ ನೀವು ಅವಳೊಡನೆ ಮಾತಾಡುವಂತಿರಲಿಲ್ಲ. ಈಗ ಯಾರೊಡನೆ ಬೇಕಾದರೂ ಮಾತಾಡಬಹುದು. ನೀವು ಅದನ್ನು ನಷ್ಟವೆಂದು ತಿಳಿದಿದ್ದೀರಿ. ನಾನು ತಿಳಿದಿಲ್ಲ.

ಇಲ್ಲಿ ಅತ್ತೆಯವರು ಕ್ಷೇಮ. ನಾನೂ ಇದ್ದೇನೆ.

ನಿಮ್ಮ
ವಸಂತ

ಇನ್ನೊಂದು ಮಾತು: ಭಾನುವಾರ ಮಧ್ಯಾಹ್ನದ ಬಸ್ಸಿಗೆ ನೀವು ಬರುತ್ತೀರೆಂದು ಅವಳಿಗೆ ಹೇಳಿಬಿಟ್ಟಿದ್ದೇನೆ. ಅವಳ ಧೈರ್ಯಕ್ಕಾಗಿ ಹೇಳಿದೆನೆಂದು ಬರೆಯಬಹುದಿತ್ತು. ಅದು ಪೂರ್ತಿ ನಿಜವಲ್ಲ. ಅವಳು ಇವತ್ತೇ ಪಕ್ಕದ ಹೊಲದಿಂದ ಹಿಪ್ಪುನೇರಳೆ ಕಡ್ಡಿ ಕತ್ತರಿಸಿ ತಂದು, ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಲ್ಲಿಟ್ಟು ಹೇಳಿಕಳಿಸಿದ್ದಾಳೆ. ಕತ್ತರಿಸಿದ ಕಡ್ಡಿ ಬಹಳ ದಿನ ಕಾಯುವುದಿಲ್ಲ.