ಎರಡು ಪುಟಗಳ ಕೆಲಸಕ್ಕೆ ಒಂದು ಗಾಜಿನ ಹಲಗೆ

ನ್ಯಾಯಾಲಯದ ಅನುವಾದ ವಿಭಾಗದ ಮುಖ್ಯಾಧಿಕಾರಿಗಳೇ,

‘ಮಾನ್ಯರೇ’ ಎಂದು ಆರಂಭಿಸುವುದು ರೂಢಿ. ಆ ಪದವನ್ನು ಗುರುವಾರದವರೆಗೆ ಎತ್ತಿಟ್ಟಿದ್ದೇನೆ. ಅಂದು ಬೆಳಿಗ್ಗೆಯ ವಿಚಾರಣೆಯಲ್ಲಿ ಒಬ್ಬ ತಾಯಿಯ ಮಗು ಅವಳ ಕೈತಪ್ಪಿ ಹೋಗಬಹುದು. ಅದಕ್ಕೆ ಕಾರಣವಾಗಬಹುದಾದ ಅನುವಾದವನ್ನು ನೀವು ಕೊಟ್ಟ ಟ್ಯಾಬ್ಲೆಟ್‌ನಲ್ಲಿ ನಾನೇ ಮಾಡಿದ್ದೇನೆ. ತಿದ್ದುಪಡಿ ನಿಮ್ಮ ಒಪ್ಪಿಗೆಗಾಗಿ ಕಾದು ಕೂತಿದೆ. ನೀವೋ, ಪರವೂರಿನ ಪ್ರದರ್ಶನವೊಂದರಲ್ಲಿ ಅದೇ ಟ್ಯಾಬ್ಲೆಟ್ಟಿನ ಗುಣಗಾನದಲ್ಲಿದ್ದೀರಿ.

ನನ್ನ ಹಳೆಯ ಲ್ಯಾಪ್‌ಟಾಪ್ ನಾನೇ ಕೊಂಡದ್ದು. ಹೆಸರಿಗೆ ಲ್ಯಾಪ್‌ಟಾಪ್, ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುವಷ್ಟು ಭಾರ. ಕಿಟಕಿ ಪಕ್ಕದ ಮೇಜಿನಿಂದ ಅದು ಏಳುತ್ತಲೇ ಇರಲಿಲ್ಲ. ಪರದೆಯ ಎಡಕ್ಕೆ ಸಾಕ್ಷಿಯ ಮಾತು, ಬಲಕ್ಕೆ ನನ್ನ ಅನುವಾದ. ನಡುವೆ ಕಣ್ಣು ಮಗ್ಗದ ಲಾಳಿಯಂತೆ ಓಡಾಡುತ್ತಿತ್ತು. ಮುಗಿದ ಮೇಲೆ ಪಕ್ಕದ ಮೇಜಿನವಳು ಮೂಲವನ್ನು ಗಟ್ಟಿಯಾಗಿ ಓದುವಳು, ನಾನು ಅನುವಾದದ ಮೇಲೆ ಬೆರಳಿಟ್ಟು ಹಿಂಬಾಲಿಸುವೆ. ತಪ್ಪು ಕಂಡಲ್ಲೆಲ್ಲ ಚುಚ್ಚುವ ಅವಳಿಗೆ ನಾವಿಟ್ಟ ಹೆಸರು ಗುಂಡುಸೂಜಿ.

ನಿಮ್ಮ ಆದೇಶ ಎರಡನ್ನೂ ಒಂದೇ ಏಟಿಗೆ ಮುಗಿಸಿತು. ಸ್ವಂತ ಯಂತ್ರ ತರಕೂಡದು. ಟ್ಯಾಬ್ಲೆಟ್ ‘ತಾನೇ ಪರಿಶೀಲಿಸುವುದರಿಂದ’ ಜೋಡಿ ಓದು ಅನಗತ್ಯ. ಅದು ಪರಿಶೀಲಿಸುವುದು ಕಾಗುಣಿತವನ್ನು, ಸ್ವಾಮಿ. ಬರೆದದ್ದರಲ್ಲಿ ತಪ್ಪು ಹುಡುಕೀತು. ಬರೆಯದೇ ಬಿಟ್ಟದ್ದನ್ನು ಹೇಗೆ ಹುಡುಕೀತು?

ಹಂಚಲು ಬಂದ ತಂತ್ರಜ್ಞರು ಹೆಮ್ಮೆಯಿಂದ ಹೇಳಿದರು: “ಎಷ್ಟು ಹಗುರ ನೋಡಿ ಮೇಡಂ, ಒಂದೇ ಕೈಲಿ ಹಿಡ್ಕೋಬಹುದು.”

“ಟೈಪ್ ಮಾಡೋಕೆ ಎರಡು ಕೈ ಬೇಕಲ್ಲಪ್ಪಾ?”

“ಹಾಗಾದ್ರೆ ಹಿಡ್ಕೋಬೇಡಿ.”

ಗುಂಡುಸೂಜಿ ಸುಮ್ಮನಿರುವವಳೇ? “ಹಲ್ಲಲ್ಲಿ ಕಚ್ಕೊಳ್ಳಿ ಅಕ್ಕಾ. ಮಾತೂ ಕಡಿಮೆ ಆಗತ್ತೆ, ಸಾಹೇಬ್ರಿಗೂ ಖುಷಿ.”

ಟ್ಯಾಬ್ಲೆಟ್ಟಿನ ಮೇಲೆ ನನಗೆ ಹಗೆಯಿಲ್ಲ. ಮಗಳು ಕೊಡಿಸಿದ್ದೊಂದು ಮನೆಯಲ್ಲಿದೆ. ಸಂಜೆ ಬಾಲ್ಕನಿಯಲ್ಲಿ ಕೂತು ಅದರಲ್ಲಿ ಕವಿತೆ ಓದುತ್ತೇನೆ. ಕವಿತೆಗೆ ಒಂದು ಪುಟ ಸಾಕು. ಅಲ್ಲಿ ಬಿಟ್ಟ ಜಾಗವೂ ಏನನ್ನೋ ಹೇಳುತ್ತದೆ. ಸಾಕ್ಷಿಯ ಹೇಳಿಕೆಯಲ್ಲಿ ಬಿಟ್ಟ ಜಾಗ ಸುಳ್ಳು ಹೇಳುತ್ತದೆ.

ಹೇಗೆಂದು ಕೇಳಿ. ಕಳೆದ ವಾರ ಬಂದದ್ದು ಮಗುವನ್ನು ಯಾರು ಸಾಕಬೇಕೆಂಬ ವ್ಯಾಜ್ಯದಲ್ಲಿ ತಾಯಿಯ ಹೇಳಿಕೆ. ನ್ಯಾಯಾಧೀಶರಿಗೆ ಅವಳ ಭಾಷೆ ಬಾರದು. ಅವರ ಪಾಲಿಗೆ ನಾನು ಬರೆದದ್ದೇ ಅವಳ ಮಾತು. ಟ್ಯಾಬ್ಲೆಟ್ಟಿನ ಅರ್ಧ ಪರದೆಯನ್ನು ಕೀಲಿಮಣೆ ನುಂಗಿತ್ತು. ಮೂಲ ನೋಡಬೇಕೆಂದರೆ ಅನುವಾದವನ್ನು ಸರಿಸಬೇಕು, ಅನುವಾದ ಬೇಕೆಂದರೆ ಮೂಲವನ್ನು. ಹಾಗೆ ಸರಿಸುತ್ತ ಸರಿಸುತ್ತ “ಬಾಗಿಲೆಳೆದುಕೊಂಡು ಹೊರಟೆ, ಮಗು ಮಲಗಿತ್ತು” ಎಂದು ಬರೆದೆ. ಮತ್ತೆ ಮೂಲಕ್ಕೆ ಮರಳಿದಾಗ ಕೆಳಗಿನ ಇನ್ನೊಂದು “ಮಗು ಮಲಗಿತ್ತು” ಕಣ್ಣಿಗೆ ಬಿತ್ತು. ಅಲ್ಲಿಂದ ಮುಂದುವರಿಸಿದೆ: “ಗಂಡ ಬಾಗಿಲಲ್ಲಿ ನಿಂತಿದ್ದ.” ಕಳಿಸುವ ಗುಂಡಿ ಹೆಬ್ಬೆರಳ ಕೆಳಗೇ ಇತ್ತು.

ನಡುವೆ ಉದುರಿಹೋದದ್ದಿಷ್ಟು: ಮಗುವಿಗೆ ಜ್ವರ ಇಳಿದಿರಲಿಲ್ಲ. ಗಾಡಿ ತರಲು ಅವಳು ಎದುರು ಬೀದಿಯ ಅಣ್ಣನ ಮನೆಗೆ ಓಡಿದ್ದಳು. ಅಣ್ಣ ತಂಗಿ ಸೇರಿ ಮಗುವನ್ನು ಆಸ್ಪತ್ರೆಗೆ ಒಯ್ದರು. ಬೆಳಿಗ್ಗೆ ಮನೆಗೆ ಮರಳುವಾಗ ಅವಳ ಹೆಗಲ ಮೇಲೆ ಮಗು ಮಲಗಿತ್ತು.

ನಾನು ಕಳಿಸಿದ ಪುಟದಲ್ಲಿ ಅವಳು ಮಲಗಿದ್ದ ಮಗುವನ್ನು ಬಿಟ್ಟು ಹೊರಟುಹೋದ ಹೆಂಗಸು. ಅಷ್ಟೇ.

ಹಳೆಯ ಚಟ ಬಿಡದ ಗುಂಡುಸೂಜಿ ಮರುದಿನ ಊಟದ ಹೊತ್ತಿಗೆ ಮೂಲವನ್ನು ಗಟ್ಟಿಯಾಗಿ ಓದತೊಡಗಿದಳು. ನಾನು ಅನುವಾದದ ಮೇಲೆ ಬೆರಳಿಟ್ಟೆ. ಅವಳು ಓದುತ್ತಲೇ ಇದ್ದಳು. ನನ್ನ ಬೆರಳಿಗೆ ಹೋಗಲು ಜಾಗವಿರಲಿಲ್ಲ.

“ಅಕ್ಕಾ, ಆಸ್ಪತ್ರೆ ಎಲ್ಲಿ?” ಎಂದಳು.

ಹೊರಹೋದ ಅನುವಾದವನ್ನು ತಿದ್ದುವ ಅಧಿಕಾರ ನಿಮ್ಮೊಬ್ಬರದು. ಅಂದೇ ತಿದ್ದುಪಡಿ ಕಳಿಸಿದೆ. ಪ್ರತಿದಿನ ನಿಮ್ಮ ಕೋಣೆಯ ಬಾಗಿಲಿಗೆ ಬಂದೆ. “ಟ್ಯಾಬ್‌ನಲ್ಲಿ ಬಂದಿರತ್ತೆ ಮೇಡಂ, ಸಾಹೇಬ್ರು ಬಿಡುವಾದಾಗ ಒತ್ತುತಾರೆ,” ಎನ್ನುತ್ತಾರೆ ನಿಮ್ಮ ಸಹಾಯಕರು. ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಎಂದಲ್ಲವೇ ನೀವು ಇದನ್ನು ತರಿಸಿದ್ದು? ಹಾಗಾದರೆ ಪ್ರದರ್ಶನದ ವೇದಿಕೆಯ ಮೇಲೆ ನಿಮ್ಮ ಬೆರಳಿಗೇನಾಗಿದೆ? ತಪ್ಪು ನನ್ನದು, ಶಿಕ್ಷೆ ಕೊಡಿ, ತಕರಾರಿಲ್ಲ. ನನ್ನ ತಪ್ಪಿಗೆ ಆ ತಾಯಿ ಯಾಕೆ ದಂಡ ತೆರಬೇಕು?

ಆದ್ದರಿಂದ ಮೊದಲು ಆ ತಿದ್ದುಪಡಿಯನ್ನು ಒಪ್ಪಿ. ಆಮೇಲೆ ನನ್ನ ಲ್ಯಾಪ್‌ಟಾಪನ್ನು ಮೇಜಿಗೂ ಜೋಡಿ ಓದನ್ನು ವಿಭಾಗಕ್ಕೂ ಮರಳಿಸಿ. ಬುಧವಾರ ಕಚೇರಿ ಮುಚ್ಚುವುದರೊಳಗೆ ಒಪ್ಪಿಗೆ ಬಾರದಿದ್ದರೆ ಗುರುವಾರ ಬೆಳಿಗ್ಗೆ ನಾನೇ ನ್ಯಾಯಾಲಯದಲ್ಲಿ ಎದ್ದು ನಿಲ್ಲುತ್ತೇನೆ. ಅದು ನಿಯಮಕ್ಕೆ ವಿರುದ್ಧ, ಗೊತ್ತು. ಕೆಲಸ ಹೋದೀತು, ಅದೂ ಗೊತ್ತು. ಎಡಗೈಯಲ್ಲಿ ಅವಳ ಮಾತಿರುತ್ತದೆ, ಬಲಗೈಯಲ್ಲಿ ನನ್ನದು. ಗುಂಡುಸೂಜಿ ಗಟ್ಟಿಯಾಗಿ ಓದಲು ಬರುತ್ತೇನೆಂದಿದ್ದಾಳೆ.

ಇಂತಿ,
ಒಂದು ಕೈ ಸಾಲದ
ನಿಮ್ಮ ವಿಭಾಗದ ಅನುವಾದಕಿ (ಗುರುವಾರದವರೆಗಾದರೂ)