ಅರೆಮುದ್ರೆ ಅಳಿಯುವ ದಿನ

ಗದಗ, ಫೆಬ್ರವರಿ ೩೦, ೨೧೯೧

ನಿಮ್ಮ ಕಾಲದವರಿಗೆ,

ಕಿವುಡು ಜ್ವರದ ತುರ್ತುಸ್ಥಿತಿ ಇಂದು ಮಧ್ಯರಾತ್ರಿಗೆ ಮುಗಿಯುತ್ತದೆ. ಹುಬ್ಬಳ್ಳಿಯ ಔಷಧ ಪರಿಷತ್ತು ಬೆಳಿಗ್ಗೆ ಇದನ್ನು ಪ್ರಕಟಿಸಿತು. ನಮ್ಮ ಪತ್ರಿಕೆಗೆ ಸುದ್ದಿ ಬರೆದವನು ನಾನೇ. ನಿಮ್ಮ ಫೆಬ್ರವರಿಗೆ ಮೂವತ್ತನೇ ತಾರೀಕು ಇರಲಿಲ್ಲವೆಂದು ಗೊತ್ತು. ನಮ್ಮ ಪಂಚಾಂಗ ಬದಲಾಗಿದೆ, ಕೆಲವು ಮಾತುಗಳೂ ಬದಲಾಗಿವೆ. ಅಪರಿಚಿತವೆನಿಸಿದರೆ ಕ್ಷಮಿಸಿ.

ಅಂಥ ಒಂದು ಮಾತು ಅರೆಮುದ್ರೆ. ಪೂರ್ತಿ ಪರೀಕ್ಷೆ ಮುಗಿಯುವವರೆಗೆ ಕಾದರೆ ಜನ ಉಳಿಯುವುದಿಲ್ಲ ಎನ್ನುವಾಗ, ಸಿಕ್ಕಷ್ಟು ಪುರಾವೆ ನೋಡಿ ಮದ್ದಿಗೆ ಕೊಡುವ ಒಪ್ಪಿಗೆ ಅದು. ಡಬ್ಬಿಯ ಮೇಲೆ ಅರ್ಧ ವೃತ್ತದ ಗುರುತು ಇರುತ್ತದೆ. ಚುಚ್ಚುವ ಮೊದಲು ನರ್ಸ್ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬಾಯಿಬಿಟ್ಟು ಹೇಳಬೇಕು. ತುರ್ತುಸ್ಥಿತಿ ಮುಗಿದ ಗಳಿಗೆಗೆ ಅರೆಮುದ್ರೆಯೂ ಅಳಿಯುತ್ತದೆ. ಆಮೇಲೆ ಆ ಮದ್ದು ಕೊಡುವುದು ಅಪರಾಧ. ಈ ನಿಯಮ ನಿಮ್ಮ ಕಾಲದಿಂದ ನಕಲಾಗುತ್ತ ಬಂದದ್ದೆಂದು ಹಿರಿಯರು ಹೇಳುತ್ತಾರೆ. ಅದು ಸುಮ್ಮನೆ ಮಾಡಿದ್ದಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಈ ನಿಯಮ ಮರೆತು ಇಂಥದೊಂದು ಮಾತ್ರೆಯ ಒಪ್ಪಿಗೆಯನ್ನು ಹಾಗೆಯೇ ಬಿಟ್ಟರು. ರೋಗ ಹೋದ ಮೇಲೂ ವರ್ಷಗಟ್ಟಲೆ ಅಂಗಡಿಯಲ್ಲಿ ಮಾರಿದರು. ಅದು ಮೂತ್ರಪಿಂಡ ಕೆಡಿಸುತ್ತದೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು.

ಊರಿಗೆ ಇಂದು ಹಬ್ಬ. ಜ್ವರದ ಮನೆಗಳ ಬಾಗಿಲಿಗೆ ಕಟ್ಟಿದ್ದ ಹಸಿರು ಬಟ್ಟೆ ಬಿಚ್ಚುತ್ತಿದ್ದಾರೆ. ಗಿರ್ಮಿಟ್ ಅಂಗಡಿ ತೆರೆದಿದೆ, ಮಿರ್ಚಿ ಕರಿಯುವ ವಾಸನೆ ಓಣಿಯ ತುದಿಯವರೆಗೆ ಬರುತ್ತಿದೆ. ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಊಟ ಸೇರಲಿಲ್ಲ. ತಂಗಿ ಶಾಂಭವಿ ಹಾರ್ಮೋನಿಯಂ ರಿಪೇರಿ ಮಾಡುವವಳು. ಸ್ವರ ಸರಿಪಡಿಸುವುದು ಕಿವಿಯಿಂದಲೇ. ಜ್ವರದಿಂದ ಎದ್ದಿದ್ದಾಳೆ, ಅರೆಮುದ್ರೆಯ ಮದ್ದಿನ ಮೊದಲ ಚುಚ್ಚು ಆಗಿದೆ. ಎರಡನೆಯದು ಗುರುವಾರ, ಹೆಚ್ಚೆಂದರೆ ಶನಿವಾರ ಸಂಜೆಯವರೆಗೆ ತಡೆದೀತು. ಅದು ತಪ್ಪಿದ ಮೂವರಲ್ಲಿ ಒಬ್ಬರಿಗೆ ಜ್ವರ ಮರಳುತ್ತದೆ, ಮರಳಿದರೆ ಕಿವಿ ಹೋಗುತ್ತದೆ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆವು. ನರ್ಸ್ ದಾವಲಬಿ ಫ್ರಿಜ್ ತೆಗೆದು ತೋರಿಸಿದರು.

“ಇಲ್ಲೇ ಐತ್ರಿ ಮದ್ದು. ಇವತ್ತ ಕೊಟ್ರ ಭಾಳ ಲಗೂ ಆಕ್ಕೈತಿ, ಹತ್ತೂದಿಲ್ಲ. ಗುರುವಾರ ಕೊಟ್ರ ನಾ ಜೇಲಿಗೆ.”

“ಹಂಗಾರ ಜ್ವರದವ್ವಗ ಉಡಿ ತುಂಬಿ, ಇನ್ನೊಂದ್ ವಾರ ಇದ್ದು ಹೋಗವಾ ಅನ್ಲೇನ್ರಿ ಅಕ್ಕಾರ?” ಎಂದಳು ತಂಗಿ.

ದಾವಲಬಿ ನಕ್ಕುಬಿಟ್ಟರು. ಆಮೇಲೆ ಫ್ರಿಜ್ ಮುಚ್ಚಿ, “ಉಳಿದದ್ದು ಒಗೀರಿ ಅಂತ ಹೇಳ್ಯಾರ. ನಾ ಇನ್ನಾ ಒಗದಿಲ್ಲ” ಎಂದರು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಅರೆಮುದ್ರೆ ಮುಗಿಯಲಿ, ಮುಗಿಯಲೇಬೇಕು. ಆದರೆ ಆ ನಿಯಮ ಬರೆಯುವ ದಿನ, ಮದ್ದು ಶುರುಮಾಡಿದವರು ಅದನ್ನು ಪೂರ್ತಿಮಾಡಬಹುದು ಎಂದು ಇನ್ನೊಂದು ಸಾಲು ಸೇರಿಸಿ. ನಾವು ನಿಮ್ಮದನ್ನೇ ನೋಡಿ ಬರೆಯುವವರು. ನೀವು ಬಿಟ್ಟದ್ದು ನಮ್ಮಲ್ಲೂ ಬಿಟ್ಟುಹೋಗುತ್ತದೆ.

ಎರಡನೇ ಚುಚ್ಚುಮದ್ದು ಬಾಕಿ ಇರುವವರ ಪರವಾಗಿ ಜಿಲ್ಲಾ ವೈದ್ಯರು ಪರಿಷತ್ತಿಗೆ ಅರ್ಜಿ ಕಳಿಸಿದ್ದಾರೆ. ಅದರ ವಿಚಾರಣೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ನಡೆಯಲಿದೆ.

ಶರಣು ಹೊಂಬಳ
ವರದಿಗಾರ