ಮೊದಲ ಗುದ್ದಲಿ

ಜೂನ್ ೧೯, ಗುರುವಾರ

ಅಂಗಡಿ ತೆರೆದೆ. ಊದುಬತ್ತಿ ಹಚ್ಚುವಷ್ಟರಲ್ಲೇ ತಮ್ಮನ ಮಗ ಮಲ್ಲೇಶ ಬಂದು ಫೋನ್ ಚಾಚಿದ. ನಾನು ತೆರೆದು ನೋಡದ ಊರ ವಾಟ್ಸಪ್ ಗ್ರೂಪಿನಲ್ಲಿ ಯಾರದೋ ಫಾರ್ವರ್ಡ್ — ‘ಈ ಮೊಹರಂಗೆ ನಮ್ಮ ಕುಣಿ ನಾವೇ ತೋಡುತ್ತೇವೆ. ಬೇರೆಯವರ ಗುದ್ದಲಿ ಬೇಡ.’

ಚಂದ್ರ ಕಂಡ ಸಂಜೆ ಮಸೂತಿಯ ಮುಂದೆ ಮೊಹರಂ ಬೆಂಕಿ ಹಾಕುವ ಅಲಾಯಿ ಕುಣಿಗೆ ಮೊದಲ ಗುದ್ದಲಿ ಹಾಕುವವರು ನಮ್ಮ ಮನೆಯವರು. ಅಜ್ಜ ಹಾಕಿದ, ಅಪ್ಪ ಹಾಕಿದ. ಕೊರಳಲ್ಲಿ ಲಿಂಗ ಇಟ್ಟುಕೊಂಡೇ.

“ನೋಡ್ರೀ ದೊಡ್ಡಪ್ಪ, ಅವ್ರಿಗೆ ನೀವು ಬ್ಯಾಡಾಗೀರಿ.”

“ಕರದ್ರ ಹೋಗ್ತೀನಿ. ಕರೀಲಿಲ್ಲಂದ್ರ ಹೋಗಾಂಗಿಲ್ಲ.”

ಸಿಟ್ಟಿಗೆ ಅಂದೆ. ಯಾವ ವರ್ಷವೂ ಕರೆದಿಲ್ಲ, ನಾನೇ ಗುದ್ದಲಿ ಹೊತ್ತು ಹೋಗುತ್ತಿದ್ದೆ. ಆದರೂ... ಈ ಸಲ ಕರೆಯಲಿ, ನೋಡೋಣ.

ಜೂನ್ ೨೨

ಮಸೂತಿಯ ಮುಜಾವರ ಮಸ್ತಾನಸಾಬ ಅಂಗಡಿ ಮುಂದೆಯೇ ಹಾದುಹೋದ. ತಲೆ ಎತ್ತಲಿಲ್ಲ. ಜೊತೆಯಲ್ಲಿ ಗೋಲಿ ಆಡಿ ಬೆಳೆದವನು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಫಾರ್ವರ್ಡ್ ಇವನದೇ ಇರಬೇಕು.

ಜೂನ್ ೨೪

ಮಸ್ಕಿಯಲ್ಲಿ ಶಾಂತಿಸಭೆ. ಸ್ವಾಮಿಗಳು, ಮೌಲವಿ, ಪಾದ್ರಿ ಒಂದೇ ಸೋಫಾದಲ್ಲಿ. ದ್ವೇಷದ ಮೆಸೇಜ್ ನಂಬಬೇಡಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಸ್ತಾನಸಾಬ ದೂರ ಕೂತಿದ್ದ. ನಮ್ಮೂರು ಸಂತೆಕಲ್ಲೂರಿಗೆ ಬೇರೆ ಬೇರೆ ಬಸ್ಸಿನಲ್ಲಿ ಬಂದೆವು. ಇನ್ನೂ ಕರೆದಿಲ್ಲ.

ಜೂನ್ ೨೬, ಸಂಜೆ

ಚಂದ್ರ ಕಂಡ. ಹಲಗೆಯ ಸದ್ದು ಕೇಳುತ್ತಿದೆ. ಮಸ್ತಾನಸಾಬನ ಹೆಂಡತಿ ಚಾಂದ್‌ಬೀ ಬಂದಳು. ಸಕ್ಕರೆಗೆ ಅಂದುಕೊಂಡೆ.

“ಅಣ್ಣಾರ, ಗುದ್ದಲಿ ಕೊಡ್ರೀ.”

ಗುದ್ದಲಿ ಬೇಕು, ನಾನು ಬೇಡ! “ಯಾಕ, ನಿಮ್ಮನ್ಯಾಗ ಇಲ್ಲೇನು?”

“ನೀವು ಬರಾಂಗಿಲ್ಲಂತ ಗ್ರೂಪಿನ್ಯಾಗ ಬಂದೈತಲ್ರೀ... ಇವ್ರು ಸರಿಯಾಗಿ ಉಂಡೇ ಇಲ್ಲ. ಅಮರಗುಂಡಪ್ಪ ಬರದಿದ್ರೂ ಅವನ ಮನೀ ಗುದ್ದಲೀನೇ ಬೀಳಬೇಕು ಅಂತ ಕುಂತಾರ.”

ಹೋಗಾಂಗಿಲ್ಲ ಅಂದದ್ದು ನಾನೇ. ಅಂದದ್ದು ಮಲ್ಲೇಶನೊಬ್ಬನ ಮುಂದೆ. ಹಾಗಾದರೆ ಆ ಮೊದಲನೆಯ ಫಾರ್ವರ್ಡೂ ಅವನದೇ?

ರಾತ್ರಿ ಎಂಟು

ಅಂಗಡಿ ತೆರೆದಿಟ್ಟೇ ಗುದ್ದಲಿ ಹೊತ್ತು ಮಸೂತಿಗೆ ಓಡಿದ್ದೆ. ಮಸ್ತಾನಸಾಬ ಎಲ್ಲರೆದುರು ಬೈದ. “ಮನ್ಯಾಗಿನವ್ರನ್ನ ಯಾರರೆ ಕರೀತಾರೇನಲೇ?” ಇಬ್ಬರೂ ಅತ್ತೆವು. ನಾಚಿಕೆಯಾಯಿತು.

ಗುದ್ದಲಿಯ ಕಾವಿನ ಮೇಲೆ ಅವನ ಕೈ, ನನ್ನ ಕೈ. ಆ ಫೋಟೋ ಅದೇ ಗ್ರೂಪಿಗೆ ಹಾಕಿದೆವು. ಕೆಳಗೆ ಇಬ್ಬರ ಹೆಸರು. ಮಲ್ಲೇಶ ಟೈಪ್ ಮಾಡುತ್ತಿದ್ದಾನೆ ಅಂತ ತೋರಿಸುತ್ತಿದೆ. ನಿಂತಿತು. ಮತ್ತೆ ಟೈಪ್...